ಹಡಗು ವಾಲಿದ್ಯಾ? ವಾಲ್ವ್ ತೆಗೆಯೋ ಮುಂಚೆ ಅದು ಲಿಸ್ಟಾ ಲಾಲಾ ಅಂತ ನೋಡಿ

ಹಡಗು ಎಡಕ್ಕೆ ವಾಲಿದೆ ಅಂದ ತಕ್ಷಣ ಯಾರಿಗಾದ್ರೂ ಮೊದ್ಲು ಹೊಳೆಯೋದು ಒಂದೇ, ಬಲಗಡೆ ಟ್ಯಾಂಕಿಗೆ ನೀರು ತುಂಬ್ಸಿ, ನೆಟ್ಟಗಾಗತ್ತೆ. ತುಂಬಾ ಸಲ ಅದು ಸರೀನೂ ಹೌದು. ಆದ್ರೆ ವಾಲಿರೋ ಕಾರಣ ಬೇರೆ ಇದ್ರೆ ಅದೇ ನೀರು ಹಡಗನ್ನ ಮಗುಚಿ ಹಾಕ್ಬಹುದು. ಮಂಗಳೂರು ಕಾರವಾರ ಕಡೆಯಿಂದ ಈಗ ತುಂಬಾ ಹುಡುಗರು ಹಡಗಿಗೆ ಹೋಗ್ತಿದ್ದಾರೆ, ಪರೀಕ್ಷೆಗೆ ಫಾರ್ಮುಲಾ ಬಾಯಿಪಾಠ ಮಾಡ್ತಾರೆ, ಆದ್ರೆ ಹಡಗು ನಿಜವಾಗ್ಲೂ ವಾಲಿ ನಿಂತಾಗ ಯಾವುದನ್ನ ಮೊದ್ಲು ನೋಡ್ಬೇಕು ಅನ್ನೋದು ಕೈಗೆ ಬಂದಿರಲ್ಲ. ನನಗೂ ಬಂದಿರ್ಲಿಲ್ಲ.

ಸರವಾಕ್‌ನಿಂದ ನವಮಂಗಳೂರಿಗೆ ಮರದ ದಿಮ್ಮಿ ತರ್ತಾ ಇದ್ವಿ, ನಾನಾಗ ಥರ್ಡ್ ಆಫೀಸರ್. 18 ಮೀಟರ್ ಅಗಲದ ಸಣ್ಣ ಹಡಗು, ಲೋಡ್ ಆದ ಮೇಲೆ ಒಟ್ಟು ತೂಕ, ಅಂದ್ರೆ ಡಿಸ್‌ಪ್ಲೇಸ್‌ಮೆಂಟ್, ಸುಮಾರು 10,000 ಟನ್, ಹೋಲ್ಡ್, ಅಂದ್ರೆ ಒಳಗಿನ ಸರಕು ಕೋಣೆ, ಭರ್ತಿ ದಿಮ್ಮಿ ಮತ್ತೆ ಡೆಕ್ ಮೇಲೂ 1,500 ಟನ್. ಹೊರಡುವಾಗ ನೆಟ್ಟಗೇ ಇತ್ತು. ದಾರೀಲಿ ಮೂರ್ನಾಲ್ಕು ದಿನ ಬಿಡದೆ ಮಳೆ. ಹತ್ತನೇ ದಿನ ಬೆಳಿಗ್ಗೆ ಕನ್ಯಾಕುಮಾರಿ ದಾಟಿ ಉತ್ತರಕ್ಕೆ ತಿರುಗಿದ ಮೇಲೆ ನೋಡಿದ್ರೆ ಹಡಗು ಪೋರ್ಟ್ ಕಡೆಗೆ, ಅಂದ್ರೆ ಎಡಕ್ಕೆ, 6 ಡಿಗ್ರಿ ವಾಲಿ ಸುಮ್ನೆ ನಿಂತಿದೆ, ಗಾಳಿ ಇಲ್ಲ, ದೊಡ್ಡ ಅಲೆ ಇಲ್ಲ. ಸ್ಟಾರ್‌ಬೋರ್ಡ್ ಡಬಲ್ ಬಾಟಮ್, ಅಂದ್ರೆ ಬಲಗಡೆ ತಳದ ಟ್ಯಾಂಕ್, ತುಂಬ್ಸೋಣ ಸರ್ ಅಂತ ಹೇಳಿದ್ದು ನಾನೇ. ಕ್ಯಾಪ್ಟನ್ ಕುಂದಾಪುರ ಕಡೆಯವರು, "ಎಂತದೂ ಮುಟ್ಬೇಡ ಮಾರಾಯ, ಮೊದ್ಲು ಎಲ್ಲಾ ಟ್ಯಾಂಕ್ ಸೌಂಡಿಂಗ್ ತಕೊಂಡು ಬಾ" ಅಂದ್ರು. ಸೌಂಡಿಂಗ್ ಅಂದ್ರೆ ಟ್ಯಾಂಕಲ್ಲಿ ನೀರು ಅಥವಾ ಎಣ್ಣೆ ಎಷ್ಟು ಆಳ ಇದೆ ಅಂತ ಅಳೆಯೋದು. ಅಷ್ಟರಲ್ಲಿ ಮುಂದೆ ಮೀನಿನ ಬೋಟುಗಳು ಕಂಡ್ವು ಅಂತ ಸ್ವಲ್ಪ ಪೋರ್ಟಿಗೆ ತಿರುಗಿಸಿದ್ವಿ. ಹಡಗು ನಿಧಾನಕ್ಕೆ ನೆಟ್ಟಗಾಯ್ತು, ಒಂದು ಕ್ಷಣ ಹಾಗೇ ತಡೀತು, ಆಮೇಲೆ ಬಲಕ್ಕೆ ಬಿತ್ತು, ಅಲ್ಲೂ ಅದೇ 6 ಡಿಗ್ರಿಗೆ ನಿಂತ್ಕೊಳ್ತು. ನನ್ನ ಮಾತು ಕೇಳಿದ್ರೆ ಏನಾಗ್ತಿತ್ತು ಅಂತ ಆಗ ಗೊತ್ತಾಯ್ತು.

ಎರಡು ಕಾಯಿಲೆ, ಒಂದೇ ಲಕ್ಷಣ

ಲಿಸ್ಟ್ ಅಂದ್ರೆ ತೂಕ ಮಧ್ಯದ ಗೆರೆಯಿಂದ ಒಂದು ಕಡೆಗೆ ಸರಿದಿದೆ, ಅಷ್ಟೆ. ಹಡಗಿಗೆ ನೆಟ್ಟಗೆ ನಿಲ್ಲೋ ಶಕ್ತಿ ಇದೆ, ತೂಕ ಮಾತ್ರ ಎಳೀತಿದೆ. ಲಾಲ್ ಅಂದ್ರೆ ತೂಕ ಎರಡೂ ಕಡೆ ಸಮ ಇದ್ರೂ ಹಡಗಿಗೆ ನೆಟ್ಟಗೆ ನಿಲ್ಲೋ ಶಕ್ತೀನೇ ಹೋಗಿದೆ, ಮೇಲುಭಾರ ಆಗಿದೆ. ಹುಲ್ಲು ಎತ್ತರಕ್ಕೆ ಹೇರಿದ ಗಾಡಿ ನೋಡಿರ್ತೀರಲ್ಲ, ಒಂದು ಚಕ್ರ ಗುಂಡಿಗೆ ಇಳಿದ್ರೆ ಸಾಕು, ಅದೇ ಗಾಡೀಲಿ ಅಷ್ಟೇ ತೂಕದ ಕಲ್ಲು ಇದ್ರೆ ಏನೂ ಆಗಲ್ಲ.

ಲೆಕ್ಕದಲ್ಲಿ ಹೇಳೋದಾದ್ರೆ ತಳದ ಗೆರೆ ಕೀಲ್‌ನಿಂದ ಹಡಗಿನ ಒಟ್ಟು ತೂಕದ ಕೇಂದ್ರ ಎಷ್ಟು ಎತ್ತರದಲ್ಲಿದೆ ಅನ್ನೋದು ಕೆಜಿ, ಮೆಟಾಸೆಂಟರ್, ಅಂದ್ರೆ ಹಡಗು ಸ್ವಲ್ಪ ವಾಲಿದಾಗ ನೀರು ಮೇಲಕ್ಕೆ ಒತ್ತೋ ಗೆರೆ ಹಡಗಿನ ಮಧ್ಯದ ಗೆರೆಯನ್ನ ಕತ್ತರಿಸೋ ಬಿಂದು, ಎಷ್ಟು ಎತ್ತರದಲ್ಲಿದೆ ಅನ್ನೋದು ಕೆಎಂ. ಕೆಎಂನಲ್ಲಿ ಕೆಜಿ ಕಳೆದ್ರೆ ಜಿಎಂ. ಕೆಎಂ ನಿಮ್ಮ ಕೈಲಿಲ್ಲ, ಅದು ಹಡಗಿನ ಆಕಾರ ಮತ್ತೆ ಡ್ರಾಫ್ಟ್, ಅಂದ್ರೆ ಎಷ್ಟು ಆಳ ಮುಳುಗಿದೆ ಅನ್ನೋದರ, ಮೇಲೆ ನಿಂತಿದೆ, ಹೈಡ್ರೋಸ್ಟ್ಯಾಟಿಕ್ ಟೇಬಲ್ಲಲ್ಲಿ ಸಿಗತ್ತೆ. ಕೆಜಿ ಮಾತ್ರ ಪೂರ್ತಿ ನಿಮ್ಮ ಕೈಲಿದೆ, ಯಾವ ತೂಕ ಎಲ್ಲಿ ಇಟ್ರಿ ಅನ್ನೋದೇ ಅದು. ಜಿಎಂ ಪಾಸಿಟಿವ್ ಇದ್ರೆ ಹಡಗು ವಾಲಿದಾಗ ವಾಪಸ್ ಬರತ್ತೆ. ನೆಗೆಟಿವ್ ಆದ್ರೆ ನೆಟ್ಟಗಿನ ಸ್ಥಿತೀಲಿ ನಿಲ್ಲೋಕಾಗದೆ ಒಂದು ಕಡೆಗೆ ಬೀಳತ್ತೆ, ಬಿದ್ದಾಗ ನೀರೊಳಗಿನ ಆಕಾರ ಅಗಲ ಆಗೋದ್ರಿಂದ ಒಂದು ಕೋನದಲ್ಲಿ ಮತ್ತೆ ಹಿಡ್ಕೊಳ್ಳತ್ತೆ, ಅದೇ ಲಾಲ್ ಕೋನ. ನಮ್ಮಂಥ ಹಡಗಲ್ಲಿ ಮೈನಸ್ 5 ಸೆಂಟಿಮೀಟರ್ ಜಿಎಂ ಸಾಕು, 9 ಡಿಗ್ರಿ ವಾಲತ್ತೆ. ನಮ್ಮ 6 ಡಿಗ್ರಿಗೆ ಎರಡು ಮೂರು ಸೆಂಟಿಮೀಟರೇ ಸಾಕಾಗಿತ್ತು.

ಮೊದ್ಲು ನಿಲ್ಲಿಸಿ, ಆಮೇಲೆ ಅಳೀರಿ

ಹಡಗು ಕಾರಣ ಗೊತ್ತಿಲ್ದೆ ವಾಲಿದ್ರೆ ಲೋಡಿಂಗು, ಬ್ಯಾಲಾಸ್ಟ್ (ತೂಕಕ್ಕಂತ ಟ್ಯಾಂಕಿಗೆ ತುಂಬೋ ಸಮುದ್ರದ ನೀರು), ಫ್ಯೂಯಲ್ ಟ್ರಾನ್ಸ್‌ಫರ್ ಎಲ್ಲಾ ನಿಲ್ಲಿಸಿ. ಸಮುದ್ರದಲ್ಲಿದ್ರೆ ಸ್ಪೀಡ್ ಇಳಿಸಿ, ಜೋರಾಗಿ ಚುಕ್ಕಾಣಿ ತಿರುಗಿಸ್ಬೇಡಿ, ಅಲೆ ಪಕ್ಕದಿಂದ ಹೊಡೀದ ಹಾಗೆ ನೋಡ್ಕೊಳ್ಳಿ. ಆಮೇಲೆ ಪ್ರತಿ ಟ್ಯಾಂಕು, ಪ್ರತಿ ಬಿಲ್ಜ್ (ತಳದಲ್ಲಿ ಕೊಳೆ ನೀರು ಸೇರೋ ಗುಂಡಿ), ವಾಯ್ಡ್ ಸ್ಪೇಸು (ಖಾಲಿ ಬಿಟ್ಟ ಕೋಣೆ), ಲಂಗರಿನ ಸರಪಳಿ ಇಡೋ ಚೈನ್ ಲಾಕರ್ ಸಮೇತ ಸೌಂಡಿಂಗ್ ರಾಡಿನಿಂದ ಕೈಯಲ್ಲೇ ಅಳೀರಿ. ಗೇಜ್ ನಂಬ್ಬೇಡಿ. 2015ರ ಜನವರಿ 3ರಂದು ಸೌತಾಂಪ್ಟನ್‌ನಿಂದ ಹೊರಟ ಕಾರು ಸಾಗಿಸೋ ಹಡಗು ಹೊಯೆಗ್ ಒಸಾಕಾ ಒಂದು ತಿರುವಲ್ಲೇ 40 ಡಿಗ್ರಿ ಮೇಲೆ ವಾಲಿ ಬ್ರ್ಯಾಂಬಲ್ ಬ್ಯಾಂಕ್ ಅನ್ನೋ ಮರಳು ದಿಬ್ಬದ ಮೇಲೆ ಕೂತ್ಕೊಳ್ತು. ತನಿಖೇಲಿ ಗೊತ್ತಾಗಿದ್ದು ಬ್ಯಾಲಾಸ್ಟ್ ಟ್ಯಾಂಕ್ ಗೇಜುಗಳು ಬಹುತೇಕ ಕೆಟ್ಟಿದ್ವು, ನೀರಿನ ಲೆಕ್ಕ ಅಂದಾಜಿಂದು, ಹೊರಡೋ ಮುಂಚೆ ನಿಜವಾದ ಸ್ಟೆಬಿಲಿಟಿ ಲೆಕ್ಕಾನೇ ಮಾಡಿರ್ಲಿಲ್ಲ. 2019ರ ಸೆಪ್ಟೆಂಬರ್ 8ರಂದು ಅಮೆರಿಕದ ಜಾರ್ಜಿಯಾದಲ್ಲಿ ಮಗುಚಿದ ಗೋಲ್ಡನ್ ರೇ ಹಡಗಲ್ಲಿ ಕಂಪ್ಯೂಟರಿಗೆ ಬ್ಯಾಲಾಸ್ಟ್ ಅಂಕಿ ತಪ್ಪಾಗಿ ಹಾಕಿದ್ರು. ಸ್ಕ್ರೀನ್ ಮೇಲೆ ಹಸಿರು ಬಂತು ಅಂದ್ರೆ ನೀವು ಕೊಟ್ಟ ಅಂಕಿಗೆ ಹಸಿರು ಬಂತು ಅಂತ ಮಾತ್ರ ಅರ್ಥ.

ಸೌಂಡಿಂಗ್ ಕೈಗೆ ಬಂದ ಮೇಲೆ ಕೇಳ್ಬೇಕಾದ ಪ್ರಶ್ನೆ ಇದು. ಎಡಗಡೆ ತೂಕ, ಬಲಗಡೆ ತೂಕ, ಪ್ರತಿಯೊಂದು ಮಧ್ಯದಿಂದ ಎಷ್ಟು ದೂರ ಅಂತ ಗುಣಿಸಿ ಕೂಡಿದ್ರೆ ಈಗಿನ ವಾಲುವಿಕೆಗೆ ಲೆಕ್ಕ ಸಿಗತ್ತಾ? ಸಿಕ್ಕಿದ್ರೆ ಲಿಸ್ಟ್. ಉದಾಹರಣೆಗೆ 10,000 ಟನ್ ಹಡಗು, ಜಿಎಂ ಅರ್ಧ ಮೀಟರ್, 50 ಟನ್ ಮಧ್ಯದಿಂದ 6 ಮೀಟರ್ ಪಕ್ಕದಲ್ಲಿ ಕೂತಿದೆ ಅಂದ್ಕೊಳ್ಳಿ, 300ನ್ನ 5,000ದಿಂದ ಭಾಗಿಸಿದ್ರೆ 0.06, ಅಂದ್ರೆ ಸುಮಾರು ಮೂರೂವರೆ ಡಿಗ್ರಿ. ಅದೇ 50 ಟನ್ನಿಗೆ ಹಡಗು 7 ಡಿಗ್ರಿ ವಾಲಿದ್ರೆ ನಿಮ್ಮ ಜಿಎಂ ನೀವಂದ್ಕೊಂಡಿದ್ದರ ಅರ್ಧ ಮಾತ್ರ ಇದೆ ಅಂತ ಹಡಗೇ ಹೇಳ್ತಿದೆ, ಅದನ್ನ ಬರೀ ಲಿಸ್ಟ್ ಅಂತ ಸರಿಪಡಿಸಿ ಮುಂದೆ ಹೋಗೋದು ದೊಡ್ಡ ತಪ್ಪು. ಇನ್ನು ಎರಡೂ ಕಡೆ ತೂಕ ಸಮ ಬಂತು, ಆದ್ರೂ ವಾಲಿದೆ, ಅಥವಾ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಷ್ಟೇ ಕೋನಕ್ಕೆ ಬೀಳ್ತಿದೆ, ಅಂದ್ರೆ ಅನುಮಾನ ಬೇಡ, ಲಾಲ್.

ಮೂರನೇ ಸಾಕ್ಷಿ ರೋಲಿಂಗ್. ಹಡಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಮತ್ತೆ ಮೊದಲಿನ ಕಡೆಗೆ ಬರೋಕೆ ಎಷ್ಟು ಸೆಕೆಂಡ್ ಅಂತ ವಾಚ್ ಹಿಡಿದು ನೋಡಿ, ಹತ್ತು ರೋಲ್ ಎಣಿಸಿ ಸರಾಸರಿ ತಗೊಂಡ್ರೆ ಒಳ್ಳೇದು. ಹಡಗಿನ ಅಗಲವನ್ನ 0.8ರಿಂದ ಗುಣಿಸಿ ಜಿಎಂನ ವರ್ಗಮೂಲದಿಂದ ಭಾಗಿಸಿದ್ರೆ ಸೆಕೆಂಡ್ ಬರತ್ತೆ, ಇದು ಅಂದಾಜಿನ ಸೂತ್ರ, ಆದ್ರೆ ತುಂಬಾ ಕೆಲಸಕ್ಕೆ ಬರತ್ತೆ. 18 ಮೀಟರ್ ಅಗಲಕ್ಕೆ ಜಿಎಂ 1 ಮೀಟರ್ ಇದ್ರೆ 14 ಸೆಕೆಂಡ್ ಚಿಲ್ರೆ, 25 ಸೆಂಟಿಮೀಟರ್ ಇದ್ರೆ 29 ಸೆಕೆಂಡ್ ಹತ್ರ. ಅಂದ್ರೆ ರೋಲ್ ನಿಧಾನ ಆಗ್ತಾ ಹೋದ್ರೆ, ಅಂಚಿಗೆ ಹೋಗಿ ತಡೆದು ತಡೆದು ವಾಪಸ್ ಬರ್ತಿದ್ರೆ, ಜಿಎಂ ಕರಗ್ತಿದೆ. ಇದರಲ್ಲಿ ಒಂದು ಮೋಸ ಇದೆ, ಇಂಥ ಹಡಗಲ್ಲಿ ಓಡಾಡೋಕೆ ತುಂಬಾ ಆರಾಮ, ಅಡುಗೆಮನೇಲಿ ಪಾತ್ರೆ ಬೀಳಲ್ಲ, ನಿದ್ದೆ ಚೆನ್ನಾಗಿ ಬರತ್ತೆ. ನಮ್ಮ ಹಡಗಲ್ಲೂ ಕೊನೇ ಎರಡು ದಿನ ಎಲ್ರೂ ಸಮುದ್ರ ಎಷ್ಟು ಒಳ್ಳೇದಿದೆ ಅಂತಿದ್ವಿ.

ಜಿಎಂ ಎಲ್ಲಿಗೆ ಹೋಯ್ತು

ಆಮೇಲೆ ಕೂತು ಲೆಕ್ಕ ಹಾಕಿದಾಗ ಸಿಕ್ಕಿದ್ದು ಇದು. ಹೊರಡುವಾಗ ಜಿಎಂ 30 ಸೆಂಟಿಮೀಟರ್. ಹತ್ತು ದಿನಕ್ಕೆ 180 ಟನ್ ಫ್ಯೂಯಲ್ ಉರೀತು, ಅದು ತಳದ ಡಬಲ್ ಬಾಟಮ್‌ನಿಂದ ಹೋದ ತೂಕ, ಕೆಳಗಿನ ತೂಕ ತೆಗೆದ್ರೆ ಕೇಂದ್ರ ಮೇಲೇರತ್ತೆ, 12 ಸೆಂಟಿಮೀಟರ್ ಹೋಯ್ತು. ಡೆಕ್ ಮೇಲಿನ ದಿಮ್ಮಿ ಮಳೆ ನೀರು ಕುಡೀತು, ನೂರಕ್ಕೆ ಹತ್ತರಷ್ಟು ಅಂತ ಹಿಡಿದ್ರೂ 150 ಟನ್, ಅದೂ ಅಷ್ಟು ಎತ್ತರದಲ್ಲಿ, 9 ಸೆಂಟಿಮೀಟರ್ ಹೋಯ್ತು. ಉಳಿದ 12 ಸೆಂಟಿಮೀಟರ್ ತಿಂದಿದ್ದು ಅರ್ಧಂಬರ್ಧ ತುಂಬಿದ ಟ್ಯಾಂಕುಗಳು. ಒಟ್ಟು 33, ಅಂದ್ರೆ ಇದ್ದ 30ಕ್ಕಿಂತ 3 ಜಾಸ್ತಿ. ತಲುಪೋ ಹೊತ್ತಿನ ಲೆಕ್ಕಾನೂ ಮಾಡಿದ್ವಿ, ಆದ್ರೆ ಫ್ಯೂಯಲ್ ಖರ್ಚು ಮಾತ್ರ ಹಿಡಿದು 18 ಸೆಂಟಿಮೀಟರ್ ಉಳಿಯತ್ತೆ, ಡೆಕ್ ಮೇಲೆ ಮರ ಇರೋ ಹಡಗಿಗೆ 10 ಸೆಂಟಿಮೀಟರ್ ಇದ್ರೆ ಸಾಕಲ್ಲ ಅಂತ ಸುಮ್ನಾಗಿದ್ವಿ. ದಿಮ್ಮಿ ನೀರು ಹೀರೋದಕ್ಕೆ ನೂರಕ್ಕೆ ಹತ್ತು ಸೇರಿಸ್ಬೇಕು ಅನ್ನೋದು ನಿಯಮದಲ್ಲೇ ಇದೆ, ಆ ಸಾಲನ್ನೇ ಬಿಟ್ಟಿದ್ವಿ.

ಹೀಗೆ ಅರ್ಧ ತುಂಬಿದ ಟ್ಯಾಂಕಲ್ಲಿ ನೀರು ಅತ್ತಿತ್ತ ಓಡೋದಕ್ಕೆ ಫ್ರೀ ಸರ್ಫೇಸ್ ಅಂತಾರೆ, ಅದರ ಬಗ್ಗೆ ಇನ್ನೊಂದು ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಕಣ್ಣಿಗೆ ಕಾಣದೆ ಜಿಎಂ ತಿನ್ನೋದು ಇದೇ. ಅಗಲವಾದ ಪರಾತದಲ್ಲಿ ಎರಡು ಬೆರಳು ನೀರು ಹಾಕ್ಕೊಂಡು ನಡೆದು ನೋಡಿ, ನೀರು ಒಂದು ಕಡೆ ಓಡಿದ್ರೆ ಕೈ ಹಿಡೀಲಿಕ್ಕೆ ಕೊಡಲ್ಲ. ಅದೇ ನೀರನ್ನ ಎರಡು ಚೊಂಬಲ್ಲಿ ಹಾಕ್ಕೊಂಡ್ರೆ ಆರಾಮಾಗಿ ನಡೀಬಹುದು. ನೀರಿನ ಆಳ ಮುಖ್ಯ ಅಲ್ಲ, ಅಗಲ ಮುಖ್ಯ, ಅದೂ ಅಗಲದ ಘನ. 12 ಮೀಟರ್ ಉದ್ದ 16 ಮೀಟರ್ ಅಗಲದ ಒಂದೇ ಟ್ಯಾಂಕಲ್ಲಿ ಸಮುದ್ರದ ನೀರು ಅರ್ಧ ಇದ್ರೆ 10,000 ಟನ್ ಹಡಗಿನ ಜಿಎಂ 42 ಸೆಂಟಿಮೀಟರ್ ಹೋಗತ್ತೆ. ಮಧ್ಯ ಒಂದೇ ಒಂದು ಗೋಡೆ ಹಾಕಿದ್ರೆ ಅದು ಕಾಲು ಭಾಗಕ್ಕೆ, ಹತ್ತು ಸೆಂಟಿಮೀಟರ್ ಚಿಲ್ರೆಗೆ ಇಳಿಯತ್ತೆ. ಅದಕ್ಕೇ ಟ್ಯಾಂಕ್ ಪೂರ್ತಿ ತುಂಬಿರ್ಲಿ ಇಲ್ಲಾ ಪೂರ್ತಿ ಖಾಲಿ ಇರ್ಲಿ ಅನ್ನೋದು, ಒಂದು ಹೊತ್ತಲ್ಲಿ ಒಂದು ಜೋಡಿಗಿಂತ ಹೆಚ್ಚು ಟ್ಯಾಂಕ್ ಅರ್ಧ ಇರ್ಬಾರ್ದು ಅನ್ನೋದು. ಎಡ ಬಲ ಟ್ಯಾಂಕಿನ ಮಧ್ಯದ ಕ್ರಾಸ್‌ಓವರ್ ವಾಲ್ವ್ ತೆರೆದೇ ಬಿಟ್ಟಿದ್ರೆ ಆ ಮಧ್ಯದ ಗೋಡೆ ಇದ್ದೂ ಇಲ್ಲದ ಹಾಗೆ, ಸೌಂಡಿಂಗ್ ತಗೊಂಡಾಗ ಅದನ್ನೂ ಮುಟ್ಟಿ ನೋಡಿ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರೂಗೆ ಬಂದರಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಫೆರಿಯ ಮುಂದಿನ ಬಾಗಿಲು ಮುಚ್ಚದೆ ಬಿಟ್ಟಿದ್ರು, ಕಾರು ನಿಲ್ಲಿಸೋ ಡೆಕ್ ಅಷ್ಟೂ ಅಗಲಕ್ಕೆ ನೀರು ಹರಡಿ ನಿಮಿಷಗಳಲ್ಲಿ ಮಗುಚಿತು, 193 ಜನ ಹೋದ್ರು. ಬೆಂಕಿ ಆರಿಸೋಕೆ ಮೇಲಿನ ಡೆಕ್ಕಿಗೆ ಸುರಿಯೋ ನೀರೂ ಇದೇ ಕೆಲಸ ಮಾಡತ್ತೆ.

ಲಾಲ್ ಆದಾಗ ಸರಿ ಮಾಡೋ ಕ್ರಮ

ಎದ್ದಿರೋ ಕಡೆ ಟ್ಯಾಂಕ್ ಮೊದ್ಲು ತುಂಬಿದ್ರೆ ಹಡಗು ನೆಟ್ಟಗಾಗೋಕೆ ಹೊರಡತ್ತೆ, ಆದ್ರೆ ನೆಟ್ಟಗಿನಲ್ಲಿ ನಿಲ್ಲೋ ಶಕ್ತಿ ಅದಕ್ಕಿಲ್ಲ, ಆ ವೇಗದಲ್ಲೇ ಇನ್ನೊಂದು ಕಡೆ ಬೀಳತ್ತೆ, ಈಗ ಆ ಕಡೆ ನೀವು ತುಂಬಿದ ನೀರಿನ ತೂಕಾನೂ ಇದೆ, ಮೊದಲಿಗಿಂತ ಜೋರಾಗಿ ಬೀಳತ್ತೆ, ಕಾರ್ಗೋ ಜಾರಿದ್ರೆ ಅಲ್ಲಿಗೆ ಮುಗೀತು. ಹಾಗಾಗಿ ಮೊದ್ಲು ಅರ್ಧ ಇರೋ ಟ್ಯಾಂಕುಗಳನ್ನ ಪೂರ್ತಿ ಮಾಡಿ ಅಥವಾ ಒಂದರಿಂದ ಒಂದಕ್ಕೆ ಸೇರಿಸಿ. ಮೇಲಿನ ತೂಕ ಕೆಳಗೆ ಇಳಿಸೋಕೆ ಆಗೋದಾದ್ರೆ ಇಳಿಸಿ. ಆಮೇಲೆ ತಳದ ಟ್ಯಾಂಕ್ ತುಂಬಿ, ಅಗಲ ಕಡಿಮೆ ಇರೋ ಚಿಕ್ಕ ಟ್ಯಾಂಕ್ ಆರಿಸಿ, ಒಂದು ಹೊತ್ತಿಗೆ ಒಂದೇ, ಮತ್ತೆ ವಾಲಿರೋ ಕಡೆಯಿಂದಲೇ ಶುರು ಮಾಡಿ. ಹೌದು, ತಗ್ಗಿರೋ ಕಡೆಗೇ ನೀರು. ಶುರುವಲ್ಲಿ ವಾಲೋದು ಇನ್ನೂ ಜಾಸ್ತಿ ಆಗತ್ತೆ, ಆ ಟ್ಯಾಂಕಿನ ಫ್ರೀ ಸರ್ಫೇಸಿಂದ ಸ್ವಲ್ಪ ಹೊತ್ತು ಜಿಎಂ ಇನ್ನೂ ಕೆಡತ್ತೆ, ಅಲ್ಲಿ ಹೆದರಿ ಪಂಪ್ ನಿಲ್ಲಿಸ್ಬಾರ್ದು, ಇದನ್ನ ಬ್ರಿಡ್ಜಲ್ಲಿರೋರಿಗೂ ಎಂಜಿನ್ ರೂಮಿಗೂ ಮೊದಲೇ ಹೇಳಿಟ್ಟಿರಿ. ಆ ಟ್ಯಾಂಕ್ ತುಂಬಿದ ಮೇಲೆ ಎದ್ದಿರೋ ಕಡೆಯ ಜೋಡಿ ಟ್ಯಾಂಕ್. ಡೆಕ್ ಕಾರ್ಗೋ ಸಮುದ್ರಕ್ಕೆ ಎಸೆಯೋ ಪರಿಸ್ಥಿತಿ ಬಂದ್ರೆ ಮಾತ್ರ ಎದ್ದಿರೋ ಕಡೆಯಿಂದ ಮೊದ್ಲು ತೆಗೀಬೇಕು, ಕಾರಣ ಮೇಲೆ ಹೇಳಿದ್ದೇ.

ನಾವು ಹೀಗೇ ಮಾಡಿದ್ವಿ, ಲೋಡ್ ಲೈನಿಗೆ, ಅಂದ್ರೆ ಹಡಗು ಮುಳುಗಬಹುದಾದ ಮಿತಿಯ ಗೆರೆಗೆ, ಇನ್ನೂ ಜಾಗ ಇತ್ತು ಅನ್ನೋದನ್ನ ನೋಡ್ಕೊಂಡು ಸುಮಾರು 350 ಟನ್ ತಳಕ್ಕೆ ತಗೊಂಡ್ವಿ. ಮೊದಲ ಟ್ಯಾಂಕ್ ತುಂಬೋ ಹೊತ್ತಲ್ಲಿ ವಾಲೋ ಕೋನ ತೋರಿಸೋ ಕ್ಲಿನೋಮೀಟರ್ ಮುಳ್ಳು 6 ದಾಟಿ ಹೋಗ್ತಿರೋದನ್ನ ನೋಡ್ತಾ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಲಿಸ್ಟೇ ಆಗಿದ್ರೆ ಇಷ್ಟೆಲ್ಲಾ ಇಲ್ಲ, ತೂಕ ಎಲ್ಲಿ ಹೆಚ್ಚಾಗಿದೆ ಅಂತ ಹುಡುಕಿ ಆ ಕಡೆ ತೆಗೀರಿ ಅಥವಾ ಎದುರು ಕಡೆ ಹಾಕಿ. ಬಂದರಲ್ಲಿ ಹಗ್ಗ ಬಿಗಿಯಾಗಿ ಹಿಡ್ಕೊಂಡಿರ್ಬಹುದು, ಒಂದು ಕಡೆ ತಳ ಮಣ್ಣಿಗೆ ತಾಗಿರ್ಬಹುದು, ಇವನ್ನ ಮೊದ್ಲು ನೋಡಿ. ಕ್ರೇನಲ್ಲಿ ತೂಕ ನೇತಾಡ್ತಿದ್ರೆ ಆ ತೂಕ ಕ್ರೇನ್ ತುದೀಲೇ ಇದೆ ಅಂತ ಲೆಕ್ಕ, ಹೋಲ್ಡ್ ತಳದಿಂದ ಒಂದಿಂಚು ಎದ್ದ ಕ್ಷಣದಿಂದಲೇ.

ಅದಿರು ತುಂಬಿದ ಹಡಗು ವಾಲಿದ್ರೆ

ಇದು ಬೇರೇನೇ ಕೇಸು, ನಮ್ಮ ಊರಿನ ಕೇಸು. 2009ರ ಜುಲೈನಲ್ಲಿ ನವಮಂಗಳೂರಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬ್ಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಹಡಗು ಮಂಗಳೂರು ಕಡಲಲ್ಲೇ ವಾಲಿ ಮುಳುಗ್ತು, ಸಿಬ್ಬಂದೀನ ಕೋಸ್ಟ್ ಗಾರ್ಡ್‌ನೋರು ಕಾಪಾಡಿದ್ರು. ಅದೇ ವರ್ಷ ಸೆಪ್ಟೆಂಬರಲ್ಲಿ ಒಡಿಶಾದ ಪಾರಾದೀಪ್ ಹತ್ರ ಬ್ಲ್ಯಾಕ್ ರೋಸ್, ಅದರಲ್ಲೂ ಅದಿರಿನ ಪುಡಿ. ಮಳೇಲಿ ನೆನೆದ ಪುಡಿ ನೋಡೋಕೆ ಗಟ್ಟಿ ಮಣ್ಣಿನ ಹಾಗೇ ಇರತ್ತೆ. ಪಣಂಬೂರು ಬೀಚಲ್ಲಿ ಅಲೆ ಹಿಂದೆ ಹೋದ ಜಾಗದಲ್ಲಿ ನಿಂತು ಕಾಲಿಂದ ಮರಳನ್ನ ಕುಟ್ಟುತ್ತಾ ಇರಿ, ಗಟ್ಟಿ ಇದ್ದ ಮರಳು ಮೆತ್ತಗಾಗಿ ನೀರು ಮೇಲೆ ಬರತ್ತೆ, ಹೋಲ್ಡಲ್ಲಿ ಎಂಜಿನ್ ನಡುಕಕ್ಕೆ ಅಲೆಗೆ ಆಗೋದೂ ಅದೇ. ಸಾವಿರಾರು ಟನ್ ಒಮ್ಮೆಗೇ ಗಂಜಿಯ ಹಾಗೆ ಆಗಿ ಒಂದು ಕಡೆ ಹರಿಯತ್ತೆ, ವಾಪಸ್ ಬರುವಾಗ ಪೂರ್ತಿ ಬರಲ್ಲ, ಪ್ರತಿ ರೋಲಿಗೂ ವಾಲೋದು ಸ್ವಲ್ಪ ಸ್ವಲ್ಪ ಹೆಚ್ತಾ ಹೋಗತ್ತೆ.

ಇದನ್ನ ಸಮುದ್ರದಲ್ಲಿ ಸರಿ ಮಾಡೋಕೆ ಬ್ಯಾಲಾಸ್ಟ್ ಇಂದ ಆಗಲ್ಲ, ಹತ್ತಿರದ ಆಶ್ರಯಕ್ಕೆ ತಿರುಗಿಸಿ, ಕೋಸ್ಟ್ ಗಾರ್ಡಿಗೆ ಆಗಲೇ ಹೇಳಿ, ಲೈಫ್‌ಬೋಟ್ ತಯಾರಿಡಿ. ಸರಿ ಮಾಡೋ ಜಾಗ ಬಂದರು. ಅದಿರಿನ ತೇವಾಂಶ ಸಾಗಾಣಿಕೆಗೆ ಬಿಟ್ಟ ಮಿತಿ, ಅಂದ್ರೆ ಟಿಎಂಎಲ್, ಅದರೊಳಗೆ ಇದೆ ಅನ್ನೋ ಪತ್ರ ಕೇಳಿ, ಪುಡಿ ಹರಿಯೋಕೆ ಶುರುವಾಗೋ ತೇವಾಂಶದ ನೂರಕ್ಕೆ ತೊಂಬತ್ತು ಭಾಗ ಆ ಮಿತಿ. ಪತ್ರ ಬಂದ ಮೇಲೆ ಮಳೆ ಬಂದಿದ್ರೆ ಆ ಪತ್ರಕ್ಕೆ ಬೆಲೆ ಇಲ್ಲ. ನೀವೇ ಒಂದು ಅರ್ಧ ಲೀಟರಿಂದ ಒಂದು ಲೀಟರ್ ಹಿಡಿಯೋ ಡಬ್ಬಿಗೆ ಅರ್ಧ ಅದಿರು ಹಾಕಿ 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ, ಒಂದೆರಡು ಸೆಕೆಂಡಿಗೆ ಒಂದು ಸಲ ಕುಟ್ಟಿ. ಮೇಲೆ ನೀರು ಕಂಡ್ರೆ ಅಥವಾ ಪುಡಿ ಹರಿಯೋ ಹಾಗಾದ್ರೆ ಲೋಡಿಂಗ್ ನಿಲ್ಲಿಸಿ ಲ್ಯಾಬಿಗೆ ಕಳ್ಸಿ. ನೀರು ಕಾಣ್ಲಿಲ್ಲ ಅಂದ್ರೆ ಸೇಫ್ ಅಂತ ಮಾತ್ರ ಅಂದ್ಕೊಳ್ಬೇಡಿ, ಆಗ್ಲೂ ಮಿತಿ ಮೀರಿರ್ಬಹುದು. ಹಡಗು ಬಾಡಿಗೆಗೆ ಹಿಡಿದ ಚಾರ್ಟರರ್ ಕಡೆಯೋರು, ಏಜೆಂಟ್ ಎಲ್ಲಾ ಅರ್ಜೆಂಟ್ ಮಾಡ್ತಾರೆ, ಬರ್ತ್ ಬಾಡಿಗೆ ಏರ್ತಿದೆ ಅಂತಾರೆ. ಬೇಡ ಅನ್ನೋ ಹಕ್ಕು ಕ್ಯಾಪ್ಟನ್ನಿಗೆ ಇದೆ, ಅದನ್ನ ಬಳಸಿ ಅಂತ ಕೈ ಮುಗಿದು ಕೇಳ್ತೀನಿ.

ಉಳಿದ ಸಣ್ಣ ಲಕ್ಷಣಗಳು

ಹಡಗು ಎಗರಿ ಎಗರಿ ಜೋರಾಗಿ ರೋಲ್ ಆಗ್ತಿದೆ, ಸರಕು ಕಟ್ಟಿದ ಲ್ಯಾಶಿಂಗ್ ಕಿತ್ತು ಬರ್ತಿದೆ, 8 ಸೆಕೆಂಡಿಗೆ ಒಂದು ರೋಲ್ ಅಂದ್ರೆ ನಮ್ಮ 18 ಮೀಟರ್ ಅಗಲಕ್ಕೆ ಜಿಎಂ 3 ಮೀಟರ್ ದಾಟಿದೆ. ಉಕ್ಕಿನ ಕಾಯಿಲ್, ಅದಿರು ತಳದಲ್ಲಿ ಮಾತ್ರ ತುಂಬಿದಾಗ ಹೀಗಾಗತ್ತೆ, ಟಾಪ್‌ಸೈಡ್ ಟ್ಯಾಂಕ್ ತುಂಬಿ ಸ್ವಲ್ಪ ತೂಕ ಮೇಲೆ ತಗೊಳ್ಳಿ.

ಡ್ರಾಫ್ಟ್ ಲೆಕ್ಕಕ್ಕಿಂತ ಹೆಚ್ಚು ಬಂದ್ರೆ ಮೊದ್ಲು ಹೈಡ್ರೋಮೀಟರ್ ಹಾಕಿ ನೀರಿನ ಸಾಂದ್ರತೆ ನೋಡಿ. ಸಿಹಿನೀರಲ್ಲಿ ಹಡಗು ಹೆಚ್ಚು ಮುಳುಗತ್ತೆ, ನಮ್ಮ ಹಳೇ ಬಂದರು ನೇತ್ರಾವತಿ ಗುರುಪುರ ನದಿ ಸೇರೋ ಜಾಗ ಆಗಿರೋದ್ರಿಂದ ಹೊರಗಿನ ಕಡಲಿಗೂ ಅಲ್ಲಿಗೂ ನೀರಲ್ಲಿ ವ್ಯತ್ಯಾಸ ಉಂಟು. 10,000 ಟನ್ ಹಡಗು, ಒಂದು ಸೆಂಟಿಮೀಟರ್ ಮುಳುಗೋಕೆ 18 ಟನ್ ಬೇಕು ಅಂದ್ರೆ ಪೂರ್ತಿ ಸಿಹಿನೀರಿಗೆ 14 ಸೆಂಟಿಮೀಟರ್ ಹತ್ರ ವ್ಯತ್ಯಾಸ ಬರತ್ತೆ. ಅದನ್ನ ಕಳೆದ ಮೇಲೂ ಹೆಚ್ಚಿದ್ರೆ ನಿಮಗೆ ಗೊತ್ತಿಲ್ಲದ ತೂಕ ಹಡಗಲ್ಲಿದೆ, ಎಲ್ಲಿದೆ ಅಂತ ಸಿಗೋವರೆಗೂ ಹೊರಡ್ಬೇಡಿ. 2014ರ ಏಪ್ರಿಲ್ 16ರಂದು ಕೊರಿಯಾದಲ್ಲಿ ಮಗುಚಿದ ಸೆವೋಲ್ ಫೆರೀಲಿ ಬಿಟ್ಟ ಮಿತಿಯ ಎರಡು ಪಟ್ಟು ಕಾರ್ಗೋ ಇತ್ತು, ಲೋಡ್ ಲೈನ್ ಮೇಲೆ ಕಾಣ್ಲಿ ಅಂತ ತಳದ ಬ್ಯಾಲಾಸ್ಟ್ ಕಡಿಮೆ ಮಾಡಿದ್ರು, ಕಾರ್ಗೋ ಸರಿಯಾಗಿ ಕಟ್ಟಿರ್ಲಿಲ್ಲ. 304 ಜನ, ಹೆಚ್ಚಿನವರು ಶಾಲೆ ಮಕ್ಕಳು. ಡ್ರಾಫ್ಟ್ ಸರಿ ಇದೆ ಅಂದ್ರೆ ಸ್ಟೆಬಿಲಿಟಿ ಸರಿ ಇದೆ ಅಂತ ಅರ್ಥ ಅಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಹಳೇ ಬಂದರಿಂದ ಲಕ್ಷದ್ವೀಪಕ್ಕೆ ಹೋಗೋ ಮಂಜಿಗಳಲ್ಲಿ, ಅಂದ್ರೆ ಮರದ ಸರಕು ದೋಣಿಗಳಲ್ಲಿ, ಜಲ್ಲಿ, ಸಿಮೆಂಟು ತಳಕ್ಕೆ, ತರಕಾರಿ ಹಗುರ ಸಾಮಾನು ಮೇಲೆ ಹೋಗತ್ತೆ. ಅವನ್ನ ನಡೆಸೋ ತಂಡೇಲರಿಗೆ ಇದನ್ನ ಯಾರೂ ಕ್ಲಾಸಲ್ಲಿ ಹೇಳ್ಕೊಟ್ಟಿಲ್ಲ. ದೊಡ್ಡ ಹಡಗಿಗೆ ಮಾತ್ರ ಅಂದಾಜು ಸಾಲದು, ಸಾಮಾನ್ಯ ಕಾರ್ಗೋ ಹಡಗಿಗೆ ಜಿಎಂ 15 ಸೆಂಟಿಮೀಟರಿಗಿಂತ ಕಡಿಮೆ ಇರ್ಬಾರ್ದು, ಧಾನ್ಯ ತುಂಬಿದ್ರೆ 30, ಇದರ ಜೊತೆ 30 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ವಾಲಿದಾಗ ನೆಟ್ಟಗೆ ಎಳೆಯೋ ಲಿವರ್ ಕನಿಷ್ಠ 20 ಸೆಂಟಿಮೀಟರ್ ಇರ್ಬೇಕು. ಇವೆಲ್ಲ ಹೊರಡುವಾಗ ಮಾತ್ರ ಅಲ್ಲ, ದಾರೀಲಿ ಅತಿ ಕೆಟ್ಟ ದಿನಕ್ಕೂ, ತಲುಪೋ ದಿನಕ್ಕೂ ಸರಿ ಇದೆಯಾ ಅಂತ ಲೆಕ್ಕ ಹಾಕಿ.

ನಮ್ಮ ಹಡಗಲ್ಲಿ ಆ ದಿನ ಮಧ್ಯಾಹ್ನ ಟ್ಯಾಂಕ್ ಎಲ್ಲಾ ತುಂಬಿದ ಮೇಲೆ ಕ್ಯಾಪ್ಟನ್ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಹತ್ತು ರೋಲ್ ಎಣಿಸು ಅಂದ್ರು. ಸರಾಸರಿ 25 ಸೆಕೆಂಡ್ ಬಂತು, ಅಂದ್ರೆ ಜಿಎಂ 33 ಸೆಂಟಿಮೀಟರ್, ಕಾಗದದ ಲೆಕ್ಕಕ್ಕೂ ಹೊಂದ್ತು. ಅವತ್ತಿಂದ ಮಂಗಳೂರು ಮುಟ್ಟೋವರೆಗೆ ಪ್ರತಿ ವಾಚಲ್ಲೂ ರೋಲ್ ಎಷ್ಟು ಸೆಕೆಂಡ್ ಅಂತ ಲಾಗ್‌ಬುಕ್ಕಲ್ಲಿ ಬರೀತಾ ಬಂದ್ವಿ.